ನಾಕಾದ ಆಚೆಯ ಸಾಬೂನು, ಈಚೆಯ ಸಾಬೂನು

ಸುಂಕ ವಸೂಲಿಯ ನಾಕಾ ಇದ್ದ ಕಡೆ ನಗೆಪಾಟಲಿನ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಅವು ನಗೆಯ ಪ್ರಸಂಗಗಳು ಎಂದು ಗೊತ್ತಾಗುವುದಕ್ಕೆ ಮಾತ್ರ ಹತ್ತಿಪ್ಪತ್ತು ವರ್ಷ ಬೇಕು. ಆಗುತ್ತಿರುವಾಗ ಬರೀ ಫಜೀತಿ, ಅಷ್ಟೇ. ನಾನು ಸತತ ನಾಲ್ಕು ವರ್ಷ ಆ ಫಜೀತಿ ಪಟ್ಟಿದ್ದೇನೆ, ಹಾಗಾಗಿ ಈಗ ಹೇಳಿಕೊಂಡು ನಗುವ ಹಕ್ಕು ನನಗೆ ಇದೆ.

ಆಗ ನಮ್ಮದು ನಿಜಾಮರ ಸೀಮೆ. ಸೊಲ್ಲಾಪುರ, ಮುಂಬಯಿ ಎಲ್ಲ ಇಂಗ್ರೇಜರ ಸೀಮೆ. ಆ ಕಡೆಯಿಂದ ಬಂದ ಮಾಲಿಗೆ ಈ ಕಡೆ ಸುಂಕ. ಜಹೀರಾಬಾದಿನಲ್ಲಿ ಒಬ್ಬ ಸಾವಕಾರರು, ಲಿಂಗಪೂಜೆ ಮಾಡದೆ ನೀರು ಕುಡಿಯದ ಮನುಷ್ಯ, ಚೆನ್ನಾಗಿ ನಡೆಯುತ್ತಿದ್ದ ಕಿರಾಣಿ ಅಂಗಡಿ ಮಾರಿ ಸಾಬೂನಿನ ಕಾರ್ಖಾನೆ ಹಾಕಿದ್ದರು. ಕಾರ್ಖಾನೆ ಎಂದರೆ ದೊಡ್ಡದೇನೋ ಎಂದುಕೊಳ್ಳಬೇಡಿ. ತಗಡಿನ ಮಾಡು, ಎರಡು ಕಡಾಯಿ, ಸಾಬೂನು ಕುದಿಸುವ ಒಬ್ಬ ಮುದಿ ಉಸ್ತಾದ, ಅವನ ಕೈಕೆಳಗೆ ಒಂಬತ್ತು ಜನ, ಮತ್ತು ಉರ್ದುವಿನಲ್ಲಿ ಅರ್ಜಿ ಬರೆಯಲು ನಾನು, ಮುನ್ಶಿ. ಮುಂಬಯಿಯ ಸಾಬೂನಿಗೆ ಸುಂಕ ಇದ್ದುದರಿಂದಲೇ ನಮ್ಮ ಸಾಬೂನು ಜೀವ ಹಿಡಿದುಕೊಂಡಿತ್ತು. ಸುಂಕ ಹೋದ ದಿನ ಕಡಾಯಿ ಬೋರಲು ಹಾಕಿ ಎಲ್ಲರೂ ಮನೆಗೆ ಹೋಗಬೇಕಿತ್ತು. ನನಗೆ ಆಗಷ್ಟೇ ಮದುವೆಯಾಗಿತ್ತು. ಸಾವಕಾರರಿಗೆ ಕಾರ್ಖಾನೆಯ ಚಿಂತೆಯಾದರೆ ನನಗೆ ಸಾವಕಾರರ ಚಿಂತೆ.

ತಾಂಡೂರಿನ ಗಾಡಿ

ಒಮ್ಮೆ ಸಾಬೂನಿನ ಹೊಸ ಅಚ್ಚು ತರಲು ನಾನೂ ಸಾವಕಾರರೂ ಸೊಲ್ಲಾಪುರಕ್ಕೆ ಹೋಗಿ ರೈಲಿನಲ್ಲಿ ಮರಳುತ್ತಿದ್ದೆವು. ನಮ್ಮ ಗಂಟುಮೂಟೆ ತಪಾಸಣೆ ಆಗುವುದು ತಾಂಡೂರಿನಲ್ಲಿ. ಹೊಸ ಸಾಮಾನಿಗೆ ಸುಂಕ, ಬಳಸಿದ ಸ್ವಂತ ಸಾಮಾನಿಗೆ ಇಲ್ಲ ಎಂದು ಜನ ತಿಳಿದುಕೊಂಡಿದ್ದರು. ಅದರಿಂದ ಒಂದು ಪದ್ಧತಿಯೇ ಹುಟ್ಟಿಕೊಂಡಿತ್ತು. ತಾಂಡೂರು ಹತ್ತಿರ ಬರುತ್ತಲೇ ಹೊಸ ಧೋತರದ ಮೇಲೆ ಇನ್ನೊಂದು ಹೊಸ ಧೋತರ ಉಡುವುದು, ಹೊಸ ಪಾತ್ರೆಗೆ ಒಂದಿಷ್ಟು ಮಜ್ಜಿಗೆ ಬಳಿಯುವುದು, ಹೊಸ ಸಾಬೂನು ತೋಯಿಸುವುದು.

ಅಂದು ರೈಲು ಡಬ್ಬಿಯ ಆ ತುದಿಯಿಂದ ನೀರಿನ ತಂಬಿಗೆಯೊಂದು ಕೈಯಿಂದ ಕೈಗೆ ಬರತೊಡಗಿತು. ಎಲ್ಲರೂ ಕಾಗದ ಬಿಚ್ಚಿ, ಸಾಬೂನು ಅದ್ದಿ, ಎರಡು ಸಲ ಕೈಗೆ ತಿಕ್ಕಿಕೊಂಡು ಮುಂದಿನವರಿಗೆ ದಾಟಿಸುತ್ತಿದ್ದರು. ಕಾಲಡಿಯೆಲ್ಲ ಬಿಳಿ ನೊರೆ. ಸಾವಕಾರರು ಆ ನೊರೆಯನ್ನೇ ನೋಡುತ್ತ ಕುಳಿತಿದ್ದರು. ಪಕ್ಕದ ಹಿರಿಯರೊಬ್ಬರು ತಂಬಿಗೆ ಚಾಚಿದರು.

"ತಗೋರಿ, ನಿಮ್ಮದೂ ತೋಯಿಸ್ಕೋರಿ. ತಾಂಡೂರ ಬಂತು."

"ನಮ್ಮ ಕಡೆ ಸಾಬೂನ ಇಲ್ರಿ," ಅಂದರು ಸಾವಕಾರರು.

"ಸೊಲ್ಲಾಪುರಕ್ಕ ಹೋಗಿ ಒಂದು ಸಾಬೂನ ತರಲಾರದ ಬಂದೀರಿ? ಏನ್ ಕೆಲಸ ಮಾಡ್ತೀರಿ?"

"ಸಾಬೂನ ಮಾಡ್ತೀವ್ರಿ."

ಹಿರಿಯರ ಮನಸ್ಸು ಕರಗಿಹೋಯಿತು. "ಪಾಪ, ಪಾಪ," ಎನ್ನುತ್ತ ತಮ್ಮ ಚೀಲದಿಂದ ಒಂದು ಮುಂಬಯಿ ಸಾಬೂನು ತೆಗೆದು ಸಾವಕಾರರ ತೊಡೆಯ ಮೇಲಿಟ್ಟರು.

ತಾಂಡೂರಿನಲ್ಲಿ ನಾಕಾದ ಗುಮಾಸ್ತರು ಸಾಲಾಗಿ ನಿಂತ ನಮ್ಮನ್ನೆಲ್ಲ ನೋಡಿದರು. ಎಲ್ಲರ ಕೈಯಲ್ಲೂ ಒದ್ದೆ ಸಾಬೂನು, ಎಲ್ಲರ ಮುಖದ ಮೇಲೂ ಎಂಜಿನ್ನಿನ ಕಲ್ಲಿದ್ದಲ ಮಸಿ. ಅವರು ಕನ್ನಡಕ ತೆಗೆದು ನಿಧಾನವಾಗಿ ಹೇಳಿದರು: "ಇಷ್ಟು ಮಂದಿ ಇಷ್ಟು ಸಾಬೂನ ಬಳಸ್ಯಾರ, ಖರೆ. ಒಬ್ಬರದಾದರೂ ಮಾರಿ ತೊಳೆದದ್ದು ತೋರಸ್ರಿ, ಬಿಡ್ತೀನಿ."

ಹುಟ್ಟದವನ ಹೊಟ್ಟೆ

ಸಾಬೂನು ಮಾಡಲು ಎಣ್ಣೆಯ ಜೊತೆ ಕಾಸ್ಟಿಕ್ ಸೋಡಾ, ಅಂದರೆ ಎಣ್ಣೆಯನ್ನು ಸಾಬೂನಾಗಿಸುವ ಕ್ಷಾರ, ಬೇಕು. ಹರಳೆಣ್ಣೆ, ಕುಸುಬಿ ಎಣ್ಣೆ ನಮ್ಮಲ್ಲೇ ಬೇಕಾದಷ್ಟು. ಕಾಸ್ಟಿಕ್ ಮಾತ್ರ ಮುಂಬಯಿಯಿಂದ ಡಬ್ಬಗಳಲ್ಲಿ ಬರಬೇಕು, ಅದಕ್ಕೂ ಸುಂಕ. ಡಬ್ಬ ಬಿಡಿಸಿಕೊಳ್ಳಲು ಅದೇ ತಾಂಡೂರಿನ ಅದೇ ಗುಮಾಸ್ತರ ಮುಂದೆ ಹೋಗಿ ನಿಂತೆವು.

"ಸುಂಕ ಯಾಕ ಅದರಿ?" ಅಂದರು ಸಾವಕಾರರು, ಏನೂ ಗೊತ್ತಿಲ್ಲದವರಂತೆ.

"ನಮ್ಮ ಸೀಮ್ಯಾಗಿನ ಕಾರ್ಖಾನಿ ಉಳೀಬೇಕಲ್ರಿ, ಅದಕ್ಕ."

"ನಮ್ಮ ಸೀಮ್ಯಾಗ ಕಾಸ್ಟಿಕ್ ಯಾರು ಮಾಡ್ತಾರ?"

"ಯಾರೂ ಮಾಡಂಗಿಲ್ಲ."

"ಮತ್ತ?"

ಗುಮಾಸ್ತರು ಬಹಳ ಸಮಾಧಾನದ ಮನುಷ್ಯ. "ಇವತ್ತು ಮಾಡಂಗಿಲ್ಲ. ನಾಳಿಗೆ ಯಾರರೆ ಹುಟ್ಟಿ ಮಾಡಾಕ ನಿಂತರ? ಅವನ ಹೊಟ್ಟಿ ಮ್ಯಾಲ ಹೊಡೀಲೇನು?"

"ಹುಟ್ಟದವನ ಹೊಟ್ಟಿ ಉಳಸಾಕ ಹುಟ್ಟಿದವನ ಹೊಟ್ಟಿ ಮ್ಯಾಲ ಹೊಡೀತೀರಲ್ರಿ!"

"ಇದನ್ನ ನನ್ನ ಮುಂದ ಹೇಳಬ್ಯಾಡ್ರಿ, ಅರ್ಜಿ ಬರೀರಿ," ಎಂದು ಅವರು ಡಬ್ಬದ ಮೇಲೆ ಸಿಕ್ಕಾ ಒತ್ತಿದರು.

ಕಾಸ್ಟಿಕ್ ತುಟ್ಟಿಯಾದ್ದರಿಂದ ಉಸ್ತಾದ ಅದನ್ನು ಹಿಡಿದು ಹಿಡಿದು ಹಾಕುತ್ತಿದ್ದ. ಕಡಿಮೆ ಕಾಸ್ಟಿಕ್ ಬಿದ್ದರೆ ಎಣ್ಣೆ ಪೂರ್ತಿ ಸಾಬೂನಾಗುವುದಿಲ್ಲ, ಜಿಡ್ಡು ಹಾಗೇ ಉಳಿಯುತ್ತದೆ. ಅದು ಅವನಿಗೂ ಗೊತ್ತು, ಸಾವಕಾರರಿಗೂ ಗೊತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಜಹೀರಾಬಾದಿಗೆ ಬಂದು ನಾನು ಅರ್ಜಿ ಬರೆದೆ. ಹೊರಗಿನ ಸಾಬೂನಿನ ಮೇಲೆ ಸುಂಕ ಹೆಚ್ಚಿಸದಿದ್ದರೆ ನಾವು ಸಾಯುತ್ತೇವೆ ಎಂದು ಮೇಲಿನ ಅರ್ಧ. ಹೊರಗಿನ ಕಾಸ್ಟಿಕ್ ಮೇಲೆ ಸುಂಕ ತೆಗೆಯದಿದ್ದರೆ ನಾವು ಸಾಯುತ್ತೇವೆ ಎಂದು ಕೆಳಗಿನ ಅರ್ಧ. ಸಾವಕಾರರು ಕೇಳಿ, "ಬರೋಬರಿ ಅದ," ಅಂದರು. ಒಂದೇ ಕಾಗದದಲ್ಲಿ ಒಂದೇ ಮನುಷ್ಯನನ್ನು ಎರಡು ಸಲ ಸಾಯಿಸಿದ ಮುನ್ಶಿ ಆ ಸೀಮೆಯಲ್ಲಿ ನಾನೊಬ್ಬನೇ ಇರಬೇಕು.

ನಾರಾಯಣಖೇಡದ ಮುದುಕಿ

ಅರ್ಜಿಗೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಪೇಟೆಯಲ್ಲಿ ಮುಂಬಯಿ ಸಾಬೂನಿನ ಬೆಲೆ ತಾನಾಗಿಯೇ ಒಂದಿಷ್ಟು ಏರಿತು. ಸಾವಕಾರರು ಎಷ್ಟೋ ದಿನಗಳ ಮೇಲೆ ನಕ್ಕರು. ನಕ್ಕು, ನಮ್ಮ ಸಾಬೂನಿನ ಬೆಲೆಯನ್ನೂ ಅಷ್ಟೇ ಏರಿಸಿದರು.

ನಾರಾಯಣಖೇಡದ ಸಂತೆಯಲ್ಲಿ ಗೋಣಿ ಹಾಸಿ ಕೂತು ಮಾರುವ ಪಾಳಿ ನನ್ನದು. ಕಂಗ್ಟಿಯ ಕಡೆಯಿಂದ ಜೋಳ ಮಾರಲು ಬಂದಿದ್ದ ಮುದುಕಿಯೊಬ್ಬಳು ಮೊದಲು ಆಚೆಯ ಅಂಗಡಿಯ ಮುಂಬಯಿ ಸಾಬೂನನ್ನು ವಿಚಾರಿಸಿ ನಮ್ಮ ಕಡೆ ಬಂದಳು. ಒಂದು ಸಾಬೂನು ಎತ್ತಿ ಮೂಸಿದಳು, ಉಗುರಿನಿಂದ ಕೆರೆದಳು, ಕೊನೆಗೆ ಬೆಲೆ ಕೇಳಿದಳು. ಹೇಳಿದೆ.

"ಆ ಅಂಗಡ್ಯಾಂವನೂ ಅಷ್ಟೇ ಹೇಳ್ತಾನಲೋ ತಮ್ಮಾ."

"ಅದು ಹೊರಗಿಂದವ್ವಾ. ಹೊರಗಿಂದ ಬಂದದ್ದಕ್ಕ ಸುಂಕ ಅದ. ಇದು ನಮ್ಮದು, ನಮ್ಮ ಜಹೀರಾಬಾದಿಂದು," ಎಂದು ನಾನು ಎದೆಯುಬ್ಬಿಸಿ ಹೇಳಿದೆ.

ಮುದುಕಿ ಸಾಬೂನನ್ನು ಗೋಣಿಯ ಮೇಲೆ ಮೆಲ್ಲಗೆ ಇಟ್ಟಳು.

"ಅದು ಸುಂಕ ಕೊಟ್ಟು ಬಂತು, ತುಟ್ಟಿ ಆತು. ಸರಿ. ಜಹೀರಾಬಾದಿನಿಂದ ಇಲ್ಲಿಗೆ ಬರಾಕ ನಿಂದು ಯಾವ ನಾಕಾ ದಾಟಿ ಬಂತೋ ನನ್ನಪ್ಪಾ?"

ನಾನು ಗೋಣಿ ಸುತ್ತಿಕೊಂಡು ಊರಿಗೆ ಮರಳಿದೆ. ಸಂಜೆ ಸಾವಕಾರರಿಗೆ ಹೇಳಿದೆ. ಅವರು, "ಆ ಮುದುಕಿ ಎಲ್ಲೂ ಅರ್ಜಿ ಬರೀಲಾರದಂಗ ನೋಡಕೋರಿ," ಅಂದರು.

ಅರ್ಧ ಗಡ್ಡ

ಆಮೇಲೆ ಒಂದು ಸುದ್ದಿ ಹಬ್ಬಿತು. ನಮ್ಮ ಸರಕಾರಕ್ಕೂ ಇಂಗ್ರೇಜರಿಗೂ ಕರಾರು ಆಗುತ್ತದಂತೆ, ನಾಕಾಗಳನ್ನೆಲ್ಲ ಕಿತ್ತು ಹಾಕುತ್ತಾರಂತೆ. ತಂದವರು ಯಾರೋ ಗೊತ್ತಿಲ್ಲ, ಸುದ್ದಿ ಮಾತ್ರ ನೆರೆಯ ಕೊಹೀರ್‌ವರೆಗೂ ಮುಟ್ಟಿತ್ತು. ಸಾವಕಾರರಿಗೆ ಅನ್ನ ಸೇರದಾಯಿತು. ಕಡಾಯಿಯ ಬಳಿ ಬಂದು ನಿಲ್ಲುವುದು, ಉಸ್ತಾದನ ಮುಖ ನೋಡುವುದು, ಹಾಗೇ ತಿರುಗಿ ಹೋಗುವುದು. ನನಗೂ ಭಯವಾಗಿತ್ತು. ಬೇರೆ ಕೆಲಸ ನೋಡಿಕೊಳ್ಳಬೇಕೇನೋ ಎಂದು ಹೆಂಡತಿಯ ಮುಂದೆ ಬಾಯಿಬಿಟ್ಟೂ ಆಗಿತ್ತು.

ಒಂದು ಮುಂಜಾನೆ ಕ್ಷೌರಕ್ಕೆ ಹೋದರೆ ಸಾವಕಾರರ ಮಗ್ಗುಲಲ್ಲೇ ಹೊರಗಿನ ಬಟ್ಟೆ ಮಾರುವ ವ್ಯಾಪಾರಿ ಕೂತಿದ್ದರು. ಇಬ್ಬರಿಗೂ ಒಂದೊಂದು ಕೆನ್ನೆಯ ಗಡ್ಡ ತೆಗೆದಾಗಿತ್ತು.

"ನಾಕಾ ಹೋದರ ಚಲೋನೇ ಆತು. ಮಂದಿಗೆ ಸಸ್ತಾ ಮಾಲು ಸಿಗ್ತದ," ಅಂದರು ಬಟ್ಟೆಯವರು.

"ಸಸ್ತಾ ಮಾಲು ಕೊಳ್ಳಾಕ ಮಂದಿ ಕೈಯಾಗ ಕೆಲಸ ಬ್ಯಾಡೇನ್ರಿ?" ಅಂದರು ಸಾವಕಾರರು.

ಮಾತು ಬೆಳೆಯಿತು. ಕ್ಷೌರದವನು ಇಬ್ಬರಿಗೂ ಹೂಂ ಎನ್ನುತ್ತ ಕತ್ತಿ ಆಡಿಸುತ್ತಿದ್ದ. ನಡುವೆ ಬಟ್ಟೆಯವರು ಖುಷಿಯಲ್ಲಿ, "ನೋಡ್ರಿ, ತಮ್ಮ ಗಡ್ಡ ತಾವೇ ಮಾಡಿಕೊಳ್ಳೋ ವಿಲಾಯತಿ ಮಿಶನ್ ಬಂದದ. ಸುಂಕ ಹೋಗಲಿ, ಮನಿಗೊಂದು ತರಸ್ತೀನಿ," ಅಂದುಬಿಟ್ಟರು.

ಕತ್ತಿ ನಿಂತಿತು. ಕ್ಷೌರದವನು ಅದನ್ನು ಒರೆಸಿ ಮಡಚಿ ಪೆಟ್ಟಿಗೆಯಲ್ಲಿಟ್ಟ.

"ಹಂಗಾದರ ಉಳಿದ ಅರ್ಧ ಮಿಶನ್ ಬಂದ ಮ್ಯಾಲ ಮಾಡ್ಕೋರಿ."

ಬಟ್ಟೆಯವರು ಒಂದು ಕಡೆ ಗಡ್ಡ ಇಟ್ಟುಕೊಂಡು ಇಡೀ ಪೇಟೆ ದಾಟಿ ಮನೆಗೆ ಹೋದರು. ಸಾವಕಾರರಿಗೆ ಮಾತ್ರ ಆ ದಿನ ಕ್ಷೌರದವನು ಎಣ್ಣೆ ಹಚ್ಚಿ ತಲೆ ತಿಕ್ಕಿ ಕಳಿಸಿದ.

ಸಾಹೇಬರ ಕೈ

ಕರಾರಿನ ಸುದ್ದಿ ಸುದ್ದಿಯಾಗಿಯೇ ಉಳಿಯಿತು, ಕೊನೆಗೆ ಅರ್ಜಿಗೆ ಉತ್ತರ ಬಂತು. ಹೈದ್ರಾಬಾದಿನಿಂದ ದೊಡ್ಡ ಸಾಹೇಬರೊಬ್ಬರು ಖುದ್ದಾಗಿ ಕಾರ್ಖಾನೆ ನೋಡಿ, ಸುಂಕದ ವಿಷಯ ಏನು ಮಾಡಬೇಕೆಂದು ಸರಕಾರಕ್ಕೆ ಬರೆಯುತ್ತಾರೆ ಎಂದು. ನಮ್ಮ ಹನ್ನೆರಡು ಜನರ ಹಣೆಬರಹ ಅವರ ಒಂದು ಕಾಗದದಲ್ಲಿತ್ತು. ತಗಡಿಗೆ ಸುಣ್ಣ ಹಚ್ಚಿದೆವು. ಉಸ್ತಾದ ಗಡ್ಡಕ್ಕೆ ಮೆಹಂದಿ ಹಾಕಿಕೊಂಡು ಬಂದ.

ಸಾಹೇಬರು ಬಂದರು. ಶೇರ್ವಾನಿ, ಗೊಂಡೆಯ ರೂಮಿ ಟೊಪ್ಪಿಗೆ, ಮೆದು ಮಾತು. ಕಡಾಯಿ ಮುಟ್ಟಿದರು, ಅಚ್ಚು ಮುಟ್ಟಿದರು, ಎಣ್ಣೆಯ ಡಬ್ಬ ಮುಟ್ಟಿದರು. ಎಲ್ಲ ಮುಟ್ಟಿ ಕೈ ಜಿಡ್ಡಾಗಿ, ಚಹಾಕ್ಕೆ ಮುಂಚೆ ಕೈ ತೊಳೆಯಬೇಕು ಅಂದರು. ಕಾರ್ಖಾನೆಯ ಹಿಂದೆಯೇ ಸಾವಕಾರರ ಮನೆ. ಹಿತ್ತಿಲಲ್ಲಿ ತಂಬಿಗೆ, ಮಡಿ ಟವೆಲು, ಹಿತ್ತಾಳೆಯ ತಟ್ಟೆಯಲ್ಲಿ ಸಾಬೂನು, ಎಲ್ಲ ಸಜ್ಜಾಗಿತ್ತು.

ಸಾಹೇಬರು ಕೈ ತೊಳೆದರು. ಬೆಳ್ಳನೆಯ ನೊರೆ ಮೊಣಕೈವರೆಗೆ ಬಂತು. ಹಿತ್ತಿಲೆಲ್ಲ ಘಮ್ ಎಂದಿತು. ಸಾವಕಾರರ ಮುಖ ಮಾತ್ರ ಬಿಳಿಚಿಕೊಂಡಿತು, ಯಾಕೆಂದರೆ ನಮ್ಮ ಸಾಬೂನಿಗೆ ಘಮ್ ಎನ್ನುವ ರೂಢಿಯೇ ಇರಲಿಲ್ಲ.

"ವಾಹ್!" ಅಂದರು ಸಾಹೇಬರು ಉರ್ದುವಿನಲ್ಲಿ. "ಇಷ್ಟು ಒಳ್ಳೆಯ ಸಾಬೂನು ಮಾಡುವ ನಿಮಗೆ ಸುಂಕದ ಆಸರೆ ಯಾಕೆ? ಮುಂಬಯಿಯವರೇ ನಿಮಗೆ ಹೆದರಬೇಕು. ಇದನ್ನೇ ಬರೆಯುತ್ತೇನೆ."

ಸುಮ್ಮನಿದ್ದರೆ ಕಾರ್ಖಾನೆ ಹೋಗುತ್ತದೆ, ಬಾಯಿಬಿಟ್ಟರೆ ಮಾನ ಹೋಗುತ್ತದೆ. ಸಾವಕಾರರು ತಟ್ಟೆಯ ಸಾಬೂನು ಎತ್ತಿ ನೋಡಿದರು. "ಸಾಹೇಬರ, ಅದು ನಮ್ಮದಲ್ರಿ," ಅಂದರು. ಆಮೇಲೆ ಬಾಗಿಲ ಮರೆಯಲ್ಲಿದ್ದ ಹೆಂಡತಿಯ ಕಡೆ ತಿರುಗಿ, "ಇದು ಎಲ್ಲಿಂದು?" ಎಂದು ಕೇಳಿದರು.

"ನಮ್ಮಣ್ಣ ಸೊಲ್ಲಾಪುರದಿಂದ ತಂದು ಕೊಟ್ಟಿದ್ದರಿ," ಎಂದು ಒಳಗಿನಿಂದ ದನಿ ಬಂತು. "ಟ್ರಂಕಿನಾಗ ಇಟ್ಟಿದ್ದೆ, ನಾ ಒಂದು ದಿನಾನೂ ಹಚ್ಚಿಕೊಂಡಿಲ್ಲ. ದೊಡ್ಡವರು ಬಂದಾರ, ಅವರ ಮುಂದ ಮನೀ ಸಾಬೂನ ಇಡಾಕ ನಾಚಿಕಿ ಆತ್ರಿ."

ಉಸ್ತಾದ ನೆಲ ನೋಡುತ್ತ ನಿಂತಿದ್ದ. ನನಗೆ ಅವನ ಕಡೆ ನೋಡುವ ಧೈರ್ಯವಾಗಲಿಲ್ಲ.

ಸಾಹೇಬರು ನಮ್ಮ ಸಾಬೂನು ತರಿಸಿ ಮತ್ತೆ ಕೈ ತೊಳೆದರು. ನೊರೆ ಬರಲಿಲ್ಲ. ನೀರು ಕೈಯ ಮೇಲೆ ನಿಲ್ಲದೆ ಜಾರಿಹೋಯಿತು. ಕೈ ಕಡಾಯಿ ಮುಟ್ಟಿದಾಗ ಇದ್ದದ್ದಕ್ಕಿಂತ ಹೆಚ್ಚು ಹೊಳೆಯತೊಡಗಿತು. ಅವರು ಎರಡೂ ಅಂಗೈಗಳನ್ನು ಮುಂದೆ ಹಿಡಿದುಕೊಂಡು ಹೇಳಿದರು: "ಮೊದಲನೆಯದು ನಿಮ್ಮದಾಗಿದ್ದರೆ ನಿಮಗೆ ಸುಂಕದ ಆಸರೆ ಬೇಕಿರಲಿಲ್ಲ. ಎರಡನೆಯದನ್ನು ನೋಡಿದರೆ ಆಸರೆ ಕೊಟ್ಟೂ ಉಪಯೋಗವಿಲ್ಲ. ನಾನು ಏನು ಬರೆಯಲಿ?"

ಆಗ ಉಸ್ತಾದ ತಲೆ ಎತ್ತಿದ. ನಾಲ್ಕು ವರ್ಷ ನುಂಗಿಕೊಂಡಿದ್ದ ಮಾತು ಹೊರಗೆ ಬಂತು. "ಹುಜೂರ್, ಹಾಕಬೇಕಾದಷ್ಟು ಕಾಸ್ಟಿಕ್ ಹಾಕಾಕ ಕೈ ಬರಂಗಿಲ್ಲ, ಅಷ್ಟು ತುಟ್ಟಿ ಅದ. ಹೊರಗಿನ ಸಾಬೂನ ಬೇಕಾದರ ಸುಂಕಿಲ್ಲದ ಒಳಗ ಬಿಡ್ರಿ. ನನ್ನ ಕಾಸ್ಟಿಕ್ಕಿನ ಮ್ಯಾಲಿನ ಸುಂಕ ತೆಗೀರಿ. ಆ ತಟ್ಟ್ಯಾಗ ಏನದನೋ, ಅಂಥಾದ್ದು ಮಾಡಿ ಇಡ್ತೀನಿ."

ಸಾಹೇಬರು ಅವನನ್ನೇ ನೋಡಿ, ಏನೋ ಬರೆದುಕೊಂಡು, ಉಸ್ತಾದ ಕೊಟ್ಟ ನಾಲ್ಕು ಸಾಬೂನು ತೆಗೆದುಕೊಂಡು ಹೋದರು.

ಎರಡು ತಿಂಗಳು ಸಾವಕಾರರ ಮನೆಯಲ್ಲಿ ಯಾರೂ ಹೊಟ್ಟೆ ತುಂಬ ಉಣ್ಣಲಿಲ್ಲ. ಆಮೇಲೆ ಹೈದ್ರಾಬಾದಿನಿಂದ ಲಕೋಟೆ ಬಂತು. ಉರ್ದು ಓದುವವನು ನಾನೊಬ್ಬನೇ. ಎಲ್ಲರೂ ಕಡಾಯಿ ಬಿಟ್ಟು ಬಂದು ನನ್ನ ಸುತ್ತ ನಿಂತರು. ಸಾವಕಾರರು ಗೋಡೆ ಹಿಡಿದುಕೊಂಡಿದ್ದರು.

ಈ ಕಾರ್ಖಾನೆಗೆ ಬರುವ ಕಾಸ್ಟಿಕ್ಕಿಗೆ ಇನ್ನು ಸುಂಕವಿಲ್ಲ ಎಂದಿತ್ತು. ಓದಿದೆ. ಸಾವಕಾರರು ಅಲ್ಲೇ ಕುಸಿದು ಕೂತು ಕಣ್ಣೊರೆಸಿಕೊಂಡರು. ಅದರ ಕೆಳಗೆ ಸಾಹೇಬರು ತಮ್ಮ ಕೈಯಿಂದಲೇ ಎರಡು ಸಾಲು ಸೇರಿಸಿದ್ದರು: ನೀವು ಕೊಟ್ಟ ಸಾಬೂನನ್ನು ನಮ್ಮ ಟಾಂಗಾದ ಕುದುರೆಗೆ ದಿನಾ ಹಚ್ಚುತ್ತೇವೆ, ಅದರ ಮೈ ಹಿಂದೆಂದೂ ಇಷ್ಟು ಹೊಳೆದಿರಲಿಲ್ಲ, ದಯವಿಟ್ಟು ಇನ್ನಷ್ಟು ಕಳಿಸಿ.

"ಇನ್ನೇನು ಬರದಾರ್ರೀ ಮುನ್ಶಿಜಿ?" ಎಂದು ಉಸ್ತಾದ ಕೇಳಿದ.

ನಾನು ಕಾಗದ ಎತ್ತಿ ಹಿಡಿದು ಓದಿದೆ: "ನಿಮ್ಮ ಸಾಬೂನು ನಮ್ಮಲ್ಲಿ ದಿನಾ ಹಚ್ಚುತ್ತಾರೆ. ಮೈ ಹಿಂದೆಂದೂ ಇಷ್ಟು ಹೊಳೆದಿರಲಿಲ್ಲ. ಇನ್ನಷ್ಟು ಕಳಿಸಿ."

ಉಸ್ತಾದ ಮೆಹಂದಿಯ ಗಡ್ಡ ಸವರಿಕೊಂಡ. ಕಣ್ಣು ತುಂಬಿ ಬಂತು. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಬಳಿ ಸರಿದು ನಾಚಿಕೊಳ್ಳುತ್ತ ಪಿಸುಗುಟ್ಟಿದ: "ಯಾರು ಹಚ್ಚಿಕೋತಾರಂತ್ರಿ? ಸಾಹೇಬರೋ, ಬೇಗಂ ಸಾಹೇಬರೋ?"

"ಹೆಸರು ಬರೆದಿಲ್ಲ ಚಾಚಾ," ಅಂದೆ.