ಹರಿದಾಸನ ಸಿಂಗಪುರ ಉಳಿತಾಯ

ಸ್ವಲ್ಪ ನಿಲ್ಲಿ. ಫಾರಿನ್ ಫೋನು ಅಗ್ಗ ಅಂತ ಯಾರ ಕೈಗಾದರೂ ದುಡ್ಡು ಕೊಟ್ಟು ಕಳಿಸುವ ಮುಂಚೆ ಹರಿದಾಸನ ಈ ಕತೆ ಪೂರ್ತಿ ಕೇಳಿಬಿಡಿ. ಒಂದು ಕಾಫಿ ಕುಡಿದು ಮುಗಿಸುವಷ್ಟು ಹೊತ್ತು ಸಾಕು.

2008ನೇ ಇಸವಿ. ಹರಿದಾಸ ಮೈಸೂರಿನಿಂದ ವರ್ಗವಾಗಿ ಚೆನ್ನೈನ ವಿಮಾ ಕಚೇರಿಗೆ ಬಂದು, ನಂಗನಲ್ಲೂರಿನ ಫ್ಲ್ಯಾಟೊಂದರಲ್ಲಿ ಹೆಂಡತಿ ಉಷಾ ಜೊತೆ ಹಾಯಾಗಿದ್ದ. ಒಂದು ಸಂಜೆ ಟಿ. ನಗರದ ಅಂಗಡಿಯ ಗಾಜಿನ ಹಿಂದೆ ಬಟನ್ನೇ ಇಲ್ಲದ ಸ್ಮಾರ್ಟ್‌ಫೋನ್ ಒಂದನ್ನು ಕಂಡ. ಬೆರಳು ತಾಗಿಸಿದರೆ ಸಾಕು, ಬೆಣ್ಣೆ ಮೇಲೆ ಕೃಷ್ಣ ಜಾರಿದ ಹಾಗೆ ಫೋಟೋಗಳು ಜಾರುತ್ತಿದ್ದವು. ಬೆಲೆ ಇಪ್ಪತ್ತೆರಡು ಸಾವಿರ. ಅದೇ ಫೋನು ಸಿಂಗಪುರದಲ್ಲಿ ಹದಿನೈದು.

"ಏಳು ಸಾವಿರ ಉಳಿಯತ್ತೆ ಕಣ್ರೀ!" ಎಂದು ಆಫೀಸಿನಲ್ಲಿ ಟೇಬಲ್ ಗುದ್ದಿದ.

"ಬಿಲ್ಲಿಲ್ಲ, ಗ್ಯಾರಂಟಿ ಇಲ್ಲ. ಕೆಟ್ಟರೆ ಸಿಂಗಪುರಕ್ಕೆ ಹೋಗ್ತೀಯಾ?" ಪಕ್ಕದ ಸೀಟಿನ ವಿಶ್ವನಾಥ ಕೆಣಕಿದ.

"ಸೋಮವಾರ ಫೋನ್ ತಂದು ನಿಮ್ಮ ಮೂಗಿನ ಕೆಳಗೆ ಇಡ್ತೀನಿ. ಆಗ ಮಾತಾಡಿ."

ಹರಿದಾಸನ ಧೈರ್ಯಕ್ಕೆ ಕಾರಣವಿತ್ತು. ಮೇಲಿನ ಮನೆಯ ಪ್ರೇಮಮ್ಮನ ಅಳಿಯ ಕೃಷ್ಣರಾಜ ಕೆಲಸದಲ್ಲಿದ್ದದ್ದು ಸಿಂಗಪುರದಲ್ಲೇ. ಹೆಂಡತಿ ಪಾವನಾಳ ಸೀಮಂತಕ್ಕೆ ಭಾನುವಾರ ಬರುವವನಿದ್ದ. ಹರಿದಾಸ ಉಷಾಗೂ ತಿಳಿಸದೆ ಹದಿನೈದು ಸಾವಿರ ಮುಂಗಡವಾಗಿಯೇ ಅವನ ಖಾತೆಗೆ ಹಾಕಿದ್ದ.

ಭಾನುವಾರ ಬೆಳಿಗ್ಗೆ ಏಳಕ್ಕೇ ಹರಿದಾಸ ಮೇಲಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಹಿಂದೆ ಹೊಸ ಸೀರೆಯಲ್ಲಿ ಉಷಾ. ಮಣೆ ಮೇಲೆ ಕೂರಲು ಪಂಚೆ ಉಟ್ಟು ತಯಾರಾಗಿದ್ದ ಕೃಷ್ಣರಾಜ ಇವನನ್ನು ಅಡುಗೆಮನೆ ಪಕ್ಕದ ಸಂದಿಗೆ ಎಳೆದುಕೊಂಡು ಹೋದ. ಸೂಟ್‌ಕೇಸಿನಿಂದ ಕೆಂಪು ರವಿಕೆ ಕಣದಲ್ಲಿ ಸುತ್ತಿದ ಗಂಟೊಂದನ್ನು ಕೈಗಿಟ್ಟ.

"ಬಾಕ್ಸ್ ಅಲ್ಲೇ ಬಿಸಾಕ್ಬಿಟ್ಟೆ ಸರ್. ಕಸ್ಟಮ್ಸ್‌ನೋರು ಕೇಳಿದ್ರೆ ನನ್ನದೇ ಫೋನ್ ಅನ್ನೋಣ ಅಂತ ನನ್ನ ಸಿಮ್ಮನ್ನೇ ಹಾಕಿದೀನಿ, ಆಮೇಲೆ ಇಸ್ಕೋತೀನಿ. ಇಲ್ಲಿ ಮಾತ್ರ ಬಿಚ್ಚಬೇಡಿ. ಒಬ್ಬರು ನೋಡಿದ್ರೆ ಮುಂದಿನ ಸಲ ಹತ್ತು ಜನಕ್ಕೆ ತರಬೇಕಾಗತ್ತೆ."

"ನನ್ನ ಬಾಯಿಗೆ ಬೀಗ ಅಂದ್ಕೊಳಿ," ಎಂದ ಹರಿದಾಸ.

ಗಂಟನ್ನು ಕೆಳಗಿನ ಮನೆಗೆ ಒಯ್ದಿಡೋಣ ಎಂದು ತಿರುಗಿದರೆ ಎದುರಿಗೆ ಪ್ರೇಮಮ್ಮ.

"ಹರಿದಾಸ್ ಅವ್ರೇ, ದೇವರು ಬಂದ ಹಾಗೆ ಬಂದ್ರಿ! ಬಾಳೆಎಲೆಯವನು ಕೈ ಕೊಟ್ಟ. ನಿಮ್ಮ ಸ್ಕೂಟರ್ ಇದೆಯಲ್ಲ, ಒಂದು ನಿಮಿಷ..."

ಸಿಂಗಪುರದಿಂದ ಫೋನು ತಂದುಕೊಟ್ಟ ಮನೆಗೆ ಬಾಳೆಎಲೆ ತರಲ್ಲ ಅನ್ನೋದು ಹೇಗೆ? ಹರಿದಾಸ ಗಂಟನ್ನು ಉಷಾಳ ಕೈಗೆ ತುರುಕಿದ. "ಜೋಪಾನ. ಯಾರಿಗೂ ಏನೂ ಹೇಳ್ಬೇಡ, ಬಂದೆ," ಎಂದು ಪಿಸುಗುಟ್ಟಿ ಸ್ಕೂಟರ್ ಹತ್ತಿದ.

ಎಲೆ ತಂದ. ಅಡುಗೆಯವನು ಎಣಿಸಿ, "ಸಾರ್, ಇಲೆ ಪತ್ತಾದು ಸಾರ್! ಇನ್ನುಂ ಅಂಬದು ವೇಣುಂ!" ಎಂದು ಎಲೆ ಸಾಲದ್ದಕ್ಕೆ ಕೂಗಿದ. ಮತ್ತೆ ಹೋಗಿ ಐವತ್ತು ತಂದ. ಅಷ್ಟರಲ್ಲಿ ಹಸಿರು ಬಳೆ ಕಡಿಮೆ ಬಿತ್ತು. ಬಳೆ ತಂದರೆ ಮಲ್ಲಿಗೆ ಬಾಡಿತ್ತು. ಮಲ್ಲಿಗೆ ತಂದರೆ ಗ್ಯಾಸು ಮುಗಿದಿತ್ತು. ಚೆನ್ನೈನ ಬಿಸಿಲಿನಲ್ಲಿ ಅವನ ಬಿಳಿ ಅಂಗಿ ನೆನೆಸಿದ ಅವಲಕ್ಕಿಯಂತೆ ಮೈಗೆ ಅಂಟಿಕೊಂಡಿತು. ಆದರೂ ಮುಖದಲ್ಲಿ ನಗು. ಒಂದೊಂದು ಸಲ ಮೆಟ್ಟಿಲು ಹತ್ತುವಾಗಲೂ 'ಏಳು ಸಾವಿರ, ಏಳು ಸಾವಿರ' ಎಂದು ಮನಸ್ಸು ತಾಳ ಹಾಕುತ್ತಿತ್ತು.

ಸಿಲಿಂಡರ್ ಹೊತ್ತು ತಂದು ಇಳಿಸುವ ಹೊತ್ತಿಗೆ ಹನ್ನೊಂದೂವರೆ. ಒಳಗೆ ಶಾಸ್ತ್ರ ಮುಗಿಯುತ್ತಾ ಬಂದಿತ್ತು. ಪಾವನಾ ಸೆರಗಿನ ತುಂಬ ತೆಂಗಿನಕಾಯಿ, ಹಣ್ಣು, ಎಲೆಅಡಿಕೆ, ಬಣ್ಣಬಣ್ಣದ ಕಣಗಳನ್ನು ತುಂಬಿಕೊಂಡು ಗಂಡನ ಪಕ್ಕದಲ್ಲಿ ಕೂತಿದ್ದಳು.

ಹರಿದಾಸ ಉಷಾಳ ಪಕ್ಕಕ್ಕೆ ಜಾರಿದ. "ಎಲ್ಲಿ ಅದು?"

"ಯಾವುದು?"

"ಕೆಂಪು ಗಂಟು ಕಣೇ!"

"ಮಡಿಲಿಗೆ ಹಾಕಿದೆನಲ್ಲ," ಎಂದಳು ಉಷಾ ಖುಷಿಯಿಂದ. "ನಾನು ಕಣ ತರೋದೇ ಮರೆತಿದ್ದೆ ರೀ. ನಿಮಗೆ ನೆನಪಿತ್ತಲ್ಲ! ಒಳಗೆ ಕೊಬ್ಬರಿ ಬಟ್ಟಲು ಇಟ್ಟಿದ್ರೇನೋ, ಗಟ್ಟಿಯಾಗಿತ್ತು."

ಹರಿದಾಸ ಎದೆಗುಂದಲಿಲ್ಲ. ಪಾವನಾಳ ಮುಂದೆ ಹೋಗಿ ಬಾಗಿ, "ಅಯ್ಯೋ, ಆ ಕೆಂಪು ಕಣ ಸ್ವಲ್ಪ ಹರಿದಿದೆ ಕಣಮ್ಮ. ಬದಲಾಯಿಸಿ ಬೇರೆ ಕೊಡ್ತೀನಿ," ಎಂದು ಕೈ ಚಾಚಿದ.

ಪಟ್ ಎಂದು ಆ ಕೈ ಮೇಲೊಂದು ಏಟು ಬಿತ್ತು. ಪಾವನಾಳ ಅಜ್ಜಿ ಪುಟ್ಟತಾಯಮ್ಮ!

"ಮಡಿಲು ತುಂಬಿದ್ದನ್ನ ವಾಪಸ್ ತೆಗೀತಾರೇನಪ್ಪಾ? ಬಸುರಿ ಮಡಿಲು ಅದು, ಟಿ. ನಗರದ ಸೀರೆ ಅಂಗಡಿನಾ, ಬದಲಾಯಿಸ್ಕೊಡಕ್ಕೆ? ಹರಿದಿದ್ರೆ ಹೊಲ್ಕೋತಾಳೆ. ಹಿಂದಕ್ಕೆ ಹೋಗು!"

"ಇಲ್ಲ ಅಜ್ಜಿ, ಅದರೊಳಗೆ..."

ಅವನ ಮಾತು ಮುಗಿಯುವ ಮೊದಲೇ ಪಾವನಾಳ ಮಡಿಲು ಟಿರಿಟಿರಿ ಎಂದು ಹಾಡತೊಡಗಿತು. ಕೃಷ್ಣರಾಜನ ಸಿಂಗಪುರದ ಗೆಳೆಯ ಯಾರೋ ಶುಭಾಶಯ ಹೇಳಲು ಫೋನು ಮಾಡಿದ್ದ.

"ಅಯ್ಯಯ್ಯೋ, ಮಗು!" ಎಂದು ಕಿರುಚಿದ ಅಜ್ಜಿ ಮೊಮ್ಮಗಳ ಹೊಟ್ಟೆಗೆ ಕಿವಿ ಇಟ್ಟರು.

ಪಾವನಾ ಗಾಬರಿಯಿಂದ ಸೆರಗು ತಡಕಿ ಕೆಂಪು ಗಂಟು ಬಿಚ್ಚಿದಳು. ಗಾಜಿನ ಕೊಳದಂತೆ ಮಿನುಗುತ್ತಾ ಫೋನು ಹೊರಬಂತು. ಇಡೀ ಮನೆ ಒಮ್ಮೆ ಉಸಿರೆಳೆದುಕೊಂಡಿತು.

"ಈ ಕಣ ಉಷಾ ಅಲ್ವಾ ಹಾಕಿದ್ದು?" ಪ್ರೇಮಮ್ಮ ಕೆನ್ನೆ ಮೇಲೆ ಕೈಯಿಟ್ಟುಕೊಂಡರು. "ಇಷ್ಟು ದೊಡ್ಡ ಉಡುಗೊರೆ! ತೋರಿಸ್ಕೊಳ್ದೆ ಕಣದೊಳಗೆ ಬಚ್ಚಿಟ್ಟು ಕೊಟ್ಟಿದಾರಲ್ರೀ!"

ಈಗ ಹರಿದಾಸನಿಗೆ ಉಳಿದದ್ದು ಒಂದೇ ಆಸರೆ, ನಿಜ ಗೊತ್ತಿದ್ದ ಕೃಷ್ಣರಾಜ. ಅವನತ್ತ ತಿರುಗಿ ಕಣ್ಣು ಹೊಡೆದ, ಹುಬ್ಬು ಹಾರಿಸಿದ, ಕತ್ತು ಕುಣಿಸಿದ. ಕೃಷ್ಣರಾಜ ಮಣೆಯಿಂದಲೇ ಕೈ ಜೋಡಿಸಿದ. ಅವನ ಕಣ್ಣಲ್ಲಿ ನೀರು!

"ನಿಮಗೆ ಅಂತ ತರಿಸ್ಕೊಂಡ್ರಿ ಅಂದ್ಕೊಂಡಿದ್ದೆ ಸರ್. ನಮ್ಮನೆಯವಳಿಗೆ ಅಂತ ಗೊತ್ತೇ ಇರಲಿಲ್ಲ. ನಾನು ಏನೂ ತರಲಿಲ್ಲ ಅಂತ ಬೆಳಿಗ್ಗೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ಲು. ನೀವು ನನ್ನ ಮಾನ ಉಳಿಸಿದ್ರಿ."

ಹೆಂಗಸರೆಲ್ಲ ಉಷಾಳನ್ನು ಸುತ್ತಿಕೊಂಡರು. ಅವಳು ಗಂಡನ ಕಡೆ ನೋಡಿದ ನೋಟದಲ್ಲಿ ಇವತ್ತಿನ ಹೆಮ್ಮೆಯೂ ಇತ್ತು, ಮನೆಗೆ ಬನ್ನಿ ವಿಚಾರಿಸ್ಕೋತೀನಿ ಎನ್ನುವುದೂ ಇತ್ತು.

"ಎಷ್ಟು ಕೊಟ್ರಿ ಇದಕ್ಕೆ?" ಯಾರೋ ಕೇಳಿದರು.

"ಇಲ್ಲಿ ಇಪ್ಪತ್ತೆರಡು," ಹರಿದಾಸನ ಬಾಯಿ ಅಭ್ಯಾಸಬಲದಿಂದ ಹೇಳಿತು. "ಸಿಂಗಪುರದಲ್ಲಿ ಹದಿನೈದು. ಏಳು ಸಾವಿರ ಉಳೀತು."

ಅಷ್ಟರಲ್ಲಿ ಪಾವನಾ ಗಂಡನ ಚೀಲದಿಂದ ಚಾರ್ಜರ್ ತೆಗೆದು ಗೋಡೆಯ ತೂತಿಗೆ ಚುಚ್ಚಿ ನೋಡಿದಳು. ಸಿಂಗಪುರದ ಚೌಕಾಕಾರದ ದಪ್ಪ ಪಿನ್ನು ಚೆನ್ನೈನ ದುಂಡು ತೂತಿಗೆ ಸುತರಾಂ ಹೋಗಲಿಲ್ಲ. ಅವಳು ಫೋನನ್ನು ಎದೆಗೆ ಒತ್ತಿಕೊಂಡು ಇವನತ್ತ ನೋಡಿದಳು. ಏಳು ತಿಂಗಳ ಬಸುರಿ, ಕೈ ತುಂಬ ಹಸಿರು ಬಳೆ, ಬೆಳಿಗ್ಗೆಯಿಂದ ಮೊದಲ ಸಲ ಮುಖದಲ್ಲಿ ನಗು.

"ಅಂಕಲ್, ಇದು ನಿಜವಾಗ್ಲೂ ನಂಗೇನಾ?"

ಅಜ್ಜಿ, ಪ್ರೇಮಮ್ಮ, ಉಷಾ, ಬಾಗಿಲಲ್ಲಿ ಸೌಟು ಹಿಡಿದ ಅಡುಗೆಯವನು, ಎಲ್ಲರ ಕಣ್ಣೂ ಇವನ ಮೇಲೆ. 'ಇಲ್ಲ' ಎಂಬ ಒಂದೇ ಮಾತು ಸಾಕಿತ್ತು. ಹರಿದಾಸ ಬಾಯಿ ತೆರೆದ.

"ನಿಂಗೇ ಕಣಮ್ಮ," ಎಂದ. "ಪಿನ್ನಿಗೆ ಅಡಾಪ್ಟರ್ ಬೇಕು. ಊಟ ಮುಗಿಸ್ಕೊಂಡು ನಾನೇ ತಂದ್ಕೊಡ್ತೀನಿ."

ನೀವೇ ಹೇಳಿ, ಆ ಜಾಗದಲ್ಲಿ ನೀವು ನಿಂತಿದ್ದರೆ ಏನು ಹೇಳುತ್ತಿದ್ದಿರಿ?