ಬಟ್ಟೆ ಟಾಪೋ, ತಗಡು ಟಾಪೋ?

"ಈ ಸಲ ಗಾಡಿ ಆರಿಸೋಳು ನಾನು. ನೀವು ಬಾಯಿಗೆ ಬೀಗ ಹಾಕ್ಕೊಂಡು ಸ್ಟೇರಿಂಗ್ ಹಿಡೀರಿ, ಅಷ್ಟು ಸಾಕು!"

ಲಾಂಚಿನಿಂದ ದ್ವೀಪದ ಕಟ್ಟೆಗೆ ಕಾಲಿಟ್ಟ ಕೂಡಲೇ ಟೇಲರಮ್ಮ ಗಂಡನ ಮೇಲೆ ಹೊರಡಿಸಿದ ರಾಜಾಜ್ಞೆ ಇದು. ಹೊರಡಿಸುವ ಹಕ್ಕು ಅವಳಿಗಿತ್ತು. ಮೂವತ್ತಾರು ವರ್ಷದ ಸಂಸಾರದಲ್ಲಿ ಇದೇ ಮೊದಲ ಪ್ರವಾಸ, ಅದಕ್ಕೆ ಪಟ್ಟು ಹಿಡಿದವಳೂ ಅವಳೇ.

ಗಂಡನ ಕಸುಬು ತಗಡು. ಡಬ್ಬ, ಪೆಟ್ಟಿಗೆ, ಮಳೆನೀರಿನ ಕೊಳವೆ, ತಗಡಿನಲ್ಲಿ ಆಗುವುದೆಲ್ಲ ಅವನ ಕೈಯಲ್ಲಿ ಆಗುತ್ತಿತ್ತು. ಪೇಟೆಯವರು ಅವನನ್ನು ತಗಡಪ್ಪ ಎಂದೇ ಕರೆಯುತ್ತಿದ್ದರು. ಅವನ ಅಂಗಡಿಗೂ ಅವಳ ಹೊಲಿಗೆ ಅಂಗಡಿಗೂ ನಡುವೆ ಒಂದೇ ಗೋಡೆ. ಆ ಕಡೆ ಡಬಡಬ, ಈ ಕಡೆ ಟಕಟಕ. ಲೋಕ ನಿಂತಿರುವುದು ತಗಡಿನ ಮೇಲೋ ಬಟ್ಟೆಯ ಮೇಲೋ ಎಂಬ ಒಂದೇ ಜಗಳದಲ್ಲಿ ಇಬ್ಬರ ತಲೆಯೂ ಬೆಳ್ಳಗಾಗಿತ್ತು.

"ಬಟ್ಟೆ ಇಲ್ದೆ ಬೀದಿಗೆ ಬನ್ನಿ, ನೋಡೋಣ!" ಎನ್ನುತ್ತಿದ್ದಳು ಅವಳು.

"ತಗಡಿಲ್ದೆ ಬೀದೀಲಿ ಓಡೋ ಬಸ್ಸು ಎಲ್ಲಿದೆ ತೋರ್ಸು!" ಎನ್ನುತ್ತಿದ್ದ ಅವನು.

ಇಂಥ ಇಬ್ಬರ ಮಧ್ಯೆ ಅತ್ತೆ, ಅಂದರೆ ತಗಡಪ್ಪನ ತಾಯಿ. ಎರಡು ವರ್ಷದ ಹಿಂದೆ ಮೆಟ್ಟಿಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವಳು. ಮೂಳೆ ಕೂಡಿ ವರ್ಷವಾಗಿತ್ತು. "ಇನ್ನು ಧೈರ್ಯವಾಗಿ ಎದ್ದು ನಿಲ್ಲಿ," ಎಂದು ಡಾಕ್ಟರು ಮೂರು ಸಲ ಹೇಳಿದ್ದರು. "ಹೇಳೋದಕ್ಕೇನು, ಬಾಯಿ ಅವರದು, ಸೊಂಟ ನನ್ನದು," ಎಂದು ಅತ್ತೆ ಮೂರು ಸಲವೂ ಗೋಡೆಯ ಕಡೆ ಹೊರಳಿದ್ದಳು.

ಮಲಗಿದಲ್ಲಿಂದ ಅವಳಿಗೆ ಕಾಣುತ್ತಿದ್ದುದು ಕೋಣೆಯ ಸೂರು ಒಂದೇ. ಕಿಟಕಿ ತೆರೆದರೆ ಪಕ್ಕದ ಕಟ್ಟಡದ ಗೋಡೆ. ಸೂರಿನ ಬಿರುಕುಗಳಿಗೆಲ್ಲ ಅತ್ತೆ ಒಂದೊಂದು ಹೆಸರಿಟ್ಟಿದ್ದಳು. ದಿನದಿನವೂ ಉದ್ದವಾಗುತ್ತಿದ್ದ ಬಿರುಕಿಗೆ ಸೊಸೆಯ ಹೆಸರು!

ಒಂದು ಮಧ್ಯಾಹ್ನ ಟೇಲರಮ್ಮ ಮಂಚದ ಪಕ್ಕ ಕೂತು ಯಾರದೋ ಕೋಟಿಗೆ ಗುಂಡಿಯ ಕಾಜಾ ಮಾಡುತ್ತಿದ್ದಾಗ ಅತ್ತೆ ಇದ್ದಕ್ಕಿದ್ದಂತೆ, "ಆಕಾಶ ನೋಡಿ ಎರಡು ವರ್ಷ ಆಯ್ತು ಕಣೇ," ಎಂದಳು. ಸೂಜಿ ಅಲ್ಲೇ ನಿಂತಿತು.

"ಗಾಲಿಕುರ್ಚೀಲಿ ಕೂರಿಸಿ ಕರ್ಕೊಂಡು ಹೋಗ್ತೀವಿ ಅಂದ್ರೆ ಬರಲ್ಲ ಅಂತೀರಲ್ಲ ಅತ್ತೆ?"

"ಬೀದೀಲಿ ಮೆರವಣಿಗೆ ಹೋಗೋಕೆ ನಾನೇನು ಗೆದ್ದು ಬಂದಿದೀನಾ?"

"ಇವರು ಎತ್ಕೊಂಡು ಬಂದು ಒಂದು ಕಡೆ ಕೂರಿಸ್ತಾರೆ."

"ಮೆಟ್ಟಿಲಿಳಿಯೋಕೆ, ಗಾಡಿ ಹತ್ತೋಕೆ ಎತ್ತಲಿ, ವಿಧಿಯಿಲ್ಲ. ಜನರ ಮುಂದೆ ಮಾತ್ರ ಮೂಟೆ ಹಾಗೆ ಎತ್ತಿ ಇಳಿಸೋದು ಬೇಡ. ಮಲಗಿದ ಹಾಗೇ ತೋರಿಸ್ತೀಯಾ? ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡು. ಆಮೇಲೆ ನನ್ನನ್ನ ಈ ಮಂಚದಿಂದ ಕದಲಿಸೋ ಮಾತು ಎತ್ತಬೇಡಿ."

ಅತ್ತೆಯ ದನಿ ತಮಾಷೆಯದಾಗಿರಲಿಲ್ಲ. ಈಗ ಬಿಟ್ಟರೆ ಈ ಮುದುಕಿ ಮತ್ತೆ ಹೊರಗೆ ಬರುವುದಿಲ್ಲ ಎಂದು ಟೇಲರಮ್ಮನಿಗೆ ಖಾತ್ರಿಯಾಯಿತು. "ತೋರಿಸ್ತೀನಿ ಅತ್ತೆ. ಇಷ್ಟಗಲ ಅಲ್ಲ, ಇಡೀ ಆಕಾಶ!" ಎಂದು ಮಾತು ಕೊಟ್ಟಳು. ದ್ವೀಪದಲ್ಲಿ ಟಾಪು ಮಡಚುವ ಜೀಪು ಬಾಡಿಗೆಗೆ ಸಿಗುತ್ತದೆಂದು ಆ ಕೋಟಿನ ಗಿರಾಕಿಯೇ ಹೇಳಿದ್ದಳು. ಹಿಂದಿನ ಸೀಟಿನಲ್ಲಿ ದಿಂಬು ಜೋಡಿಸಿ ಅತ್ತೆಯನ್ನು ಒರಗಿಸುವುದು, ಸಮುದ್ರದ ಅಂಚಿಗೆ ಹೋಗಿ ನಿಲ್ಲಿಸುವುದು, ಟಾಪನ್ನು ಸರ್ರನೆ ಹಿಂದಕ್ಕೆ ಎಳೆಯುವುದು. ಮುಗಿಯಿತು!

ಹೀಗೆ ಮೂವರೂ ಬಾಡಿಗೆ ಗಾಡಿಯವನ ಅಂಗಳಕ್ಕೆ ಬಂದರು. ಅಲ್ಲಿ ಎರಡೇ ಜೀಪು ಉಳಿದಿದ್ದವು. ಬಿಳಿಯದಕ್ಕೆ ತಗಡು ಟಾಪು, ಕೆಂಪಿನದಕ್ಕೆ ಬಟ್ಟೆ ಟಾಪು. ತಗಡಪ್ಪ ಬಿಳಿ ಜೀಪಿನ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಟೊಕ್ ಟೊಕ್ ಎಂದು ತಟ್ಟಿದ. ಅವನ ಅಭ್ಯಾಸವೇ ಅದು. ಆಸ್ಪತ್ರೆಗೆ ಹೋದರೆ ಡಾಕ್ಟರ ಬೀರುವನ್ನೂ ತಟ್ಟಿ ನೋಡುವ ಮನುಷ್ಯ.

"ಆಹಾ! ಎಂಥ ನಾದ ನೋಡು. ಇದನ್ನೇ ತಗೊಳ್ಳೋಣ. ಮೇಲೆ ಮುಚ್ಚಳ ಇದೆ, ನಾಲ್ಕು ಸ್ಕ್ರೂ ಬಿಚ್ಚಿದ್ರೆ ಆಕಾಶ."

"ತಟ್ಟೆ ಅಗಲದ ಆಕಾಶ! ಅದೂ ಡ್ರೈವರ್ ತಲೆ ಮೇಲೆ! ನಿಮ್ಮಮ್ಮ ಹಿಂದೆ ಮಲಗಿ ನಿಮ್ಮ ನರೆತ ತಲೆ ನೋಡ್ಬೇಕಾ?"

"ಮಳೆ ಬಂದ್ರೆ?"

"ಬರ್ಲಿ! ಬಟ್ಟೆ ವಿಷಯ ನನಗೆ ಬಿಡಿ. ನನ್ನ ಕೈ ಬಿದ್ದ ಬಟ್ಟೆ ಇವತ್ತಿನವರೆಗೆ ಒಂದು ಹೊಲಿಗೆ ಬಿಟ್ಟಿಲ್ಲ!"

ಗಾಡಿಯವನು ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡು ಕೆಂಪು ಜೀಪಿನ ಟಾಪನ್ನು ವಿವರಿಸತೊಡಗಿದ. ಇಲ್ಲಿ ಕೊಕ್ಕೆ, ಇಲ್ಲಿ ಪಟ್ಟಿ, ಇದನ್ನು ಮೊದಲು ಬಿಡಿಸಿ, ಅದನ್ನು ಆಮೇಲೆ ಎಳೆಯಿರಿ ಎಂದು ಏನೇನೋ ಹೇಳಿದ. ಟೇಲರಮ್ಮನ ಕಿವಿ ಅಲ್ಲಿರಲಿಲ್ಲ. ಅವಳು ಟಾಪಿನ ಹಿಂದಿನ ಅಂಚನ್ನು ತಿರುವಿ ಒಂದೊಂದು ಹೊಲಿಗೆಯನ್ನೂ ಎಣಿಸುತ್ತಿದ್ದಳು. ತಗಡಪ್ಪನ ಕಿವಿಯೂ ಅಲ್ಲಿರಲಿಲ್ಲ. ಅವನು ಬಿಳಿ ಜೀಪಿಗೆ ಕೊನೆಯ ಸಲ ಟೊಕ್ ಎನ್ನಿಸಿ ಬೀಳ್ಕೊಡುತ್ತಿದ್ದ. "ಅರ್ಥ ಆಯ್ತಾ?" ಎಂದ ಗಾಡಿಯವನು. "ಓ, ಆಯ್ತಾಯ್ತು!" ಎಂದರು ಇಬ್ಬರೂ ಒಟ್ಟಿಗೆ. ಅವರಿಬ್ಬರ ಬಾಯಿಂದ ಒಂದೇ ಮಾತು ಬಂದದ್ದು ಆ ವರ್ಷ ಅದೇ ಮೊದಲು.

ತಂಗುವ ಮನೆ ತಲುಪುವ ಮೊದಲೇ ಮಳೆ ಹನಿಯಿತು. ಭಾರಿ ಮಳೆಯೇನಲ್ಲ. ಆದರೂ ಟಾಪಿನ ಅಂಚಿನಿಂದ ನಾಲ್ಕು ಹನಿ ಒಳಗಿಳಿದು ಸರಿಯಾಗಿ ಅತ್ತೆಯ ಮೂಗಿನ ಮೇಲೆ ಬಿದ್ದವು.

"ಆಕಾಶ ತೋರಿಸ್ತೀನಿ ಅಂದಿದ್ದೆ. ಕುಡಿಸ್ತೀನಿ ಅಂದಿರಲಿಲ್ಲ," ಎಂದಳು ಅತ್ತೆ.

ತಗಡಪ್ಪ ಸಿಳ್ಳೆ ಹಾಕಿದ ಅಷ್ಟೇ. ಆ ಸಿಳ್ಳೆ ಟೇಲರಮ್ಮನ ಎದೆಗೆ ನಾಟಿತು.

ಸಂಜೆ ಚಹಾ ಕುಡಿದು ಅವಳು ಜೀಪಿನ ಸುತ್ತ ಒಂದು ಸುತ್ತು ಬಂದಳು. ನೋಡುತ್ತಾಳೆ, ಟಾಪಿನ ಮುಂದಿನ ಅಂಚು, ಎಡಬಲದ ಅಂಚು, ಎಲ್ಲೂ ಹೊಲಿದೇ ಇಲ್ಲ! ಒಂದರ ಮೇಲೊಂದು ಬಟ್ಟೆ ಇಟ್ಟು, ಎಳೆದರೆ ಚರ್ರನೆ ಬಿಡುವ ಅಂಟುಪಟ್ಟಿ ಹಚ್ಚಿ ಕಳಿಸಿದ್ದಾರೆ! ಅಂಟುಪಟ್ಟಿ ಕಂಡರೆ ಟೇಲರಮ್ಮನಿಗೆ ಮೈ ಉರಿಯುತ್ತಿತ್ತು. ಗುಂಡಿ ಹಾಕಲು ಬೇಸರ, ಕಾಜಾ ಮಾಡಲು ಬೇಸರ, ಅಂಥವರು ಕಂಡುಹಿಡಿದ ಸಾಮಾನು ಅದು ಎಂದು ಅವಳ ತೀರ್ಮಾನ.

"ಹೊಲಿಯೋಕೆ ಸೋಮಾರಿತನ! ಅಂಟಿಸಿ ಕೈ ತೊಳ್ಕೊಂಡಿದಾರೆ," ಎಂದು ಗೊಣಗುತ್ತಾ ಚೀಲದಿಂದ ಡೊಂಕು ಸೂಜಿ ತೆಗೆದಳು. ಮೇಣ ಹಚ್ಚಿದ ನೂಲು ತೆಗೆದಳು. ಬೆಳಕು ಇಳಿಯುವುದರೊಳಗೆ ಮೂರೂ ಬದಿಗೆ ಎರಡೆಳೆಯ ಬಿಗಿ ಹೊಲಿಗೆ, ಗೇಣಿಗೊಂದು ಗಂಟು! ಆನೆ ಕಟ್ಟಿ ಎಳೆದರೂ ಬಿಡಬಾರದು, ಹಾಗೆ. ಆಮೇಲೆ ಬಕೆಟ್ಟಿನಲ್ಲಿ ನೀರು ತಂದು ಟಾಪಿನ ಮೇಲೆ ಸುರಿದು ಗಂಡನನ್ನು ಕರೆದಳು.

"ಒಳಗೆ ಕೈಯಾಡಿಸಿ ನೋಡಿ. ಒಂದು ಹನಿ ಇದ್ರೆ ನನ್ನನ್ನ ಕೇಳಿ!"

ತಗಡಪ್ಪ ಕೈಯಾಡಿಸಿದ. ಒಣಗಿತ್ತು. "ಪರವಾಗಿಲ್ಲ, ಹೆಚ್ಚು ಕಮ್ಮಿ ತಗಡಿನ ಹಾಗೇ ಇದೆ," ಎಂದ. ಅವನ ಬಾಯಿಂದ ಇದಕ್ಕಿಂತ ದೊಡ್ಡ ಬಿರುದು ಬರಲು ಸಾಧ್ಯವಿರಲಿಲ್ಲ. ಟೇಲರಮ್ಮ ಆ ದಿನ ಎರಡು ತುತ್ತು ಜಾಸ್ತಿಯೇ ಉಂಡಳು.

ಮರುದಿನ ಬೆಳಿಗ್ಗೆ ದ್ವೀಪದ ತುದಿಗೆ ಹೋದರು. ಕೆಳಗೆ ಸಮುದ್ರ, ಸುತ್ತ ಹುಲ್ಲು, ಅಂಚಿಗೆ ಮೊಣಕಾಲೆತ್ತರದ ಕಲ್ಲಿನ ಕಟ್ಟೆ. ಮಳೆ ತೊಳೆದುಬಿಟ್ಟ ಆಕಾಶ. ಸಾವಿರಗಟ್ಟಲೆ ಬಿಳಿ ಹಕ್ಕಿಗಳು ಕೂಗಾಡುತ್ತಾ ತಲೆಯ ಮೇಲೆ ಸುತ್ತುತ್ತಿದ್ದವು. ಜೀಪಿನೊಳಗೆ ದಿಂಬಿಗೆ ಒರಗಿ ಮೇಲೆ ನೋಡುತ್ತಿದ್ದ ಅತ್ತೆಗೆ ಕಂಡದ್ದು ಕಪ್ಪು ಬಟ್ಟೆ.

"ಹಕ್ಕಿ ಕೂಗು ಕೇಳ್ತಿದೆ," ಎಂದಳು. "ಬೇಗ ತೆಗೀರೇ."

"ಬಂತು ಅತ್ತೆ, ಬಂತು! ಕಣ್ಣು ಮುಚ್ಕೊಳ್ಳಿ. ನಾನು ಹೇಳಿದಾಗ ಬಿಡಿ!" ಟೇಲರಮ್ಮ ಪಟ್ಟಿ ಹಿಡಿದು ಎಳೆದಳು. ಟಾಪು ಅಲುಗಲಿಲ್ಲ. ಇನ್ನೊಂದು ಪಟ್ಟಿ ಎಳೆದಳು. ಜೀಪು ಅಲುಗಿತು, ಟಾಪು ಅಲುಗಲಿಲ್ಲ. ಗಂಡ ಹೆಂಡತಿ ಇಬ್ಬರೂ ಜೋತುಬಿದ್ದು ಎಳೆದರು. ಅತ್ತೆ ಒಳಗೆ ತೊಟ್ಟಿಲಲ್ಲಿ ಹಾಕಿದ ಹಾಗೆ ತೂಗಾಡಿದಳು.

ತಗಡಪ್ಪ ಗಾಡಿಯವನಿಗೆ ಫೋನು ಮಾಡಿದ. ಆ ಕಡೆಯ ಮಾತು ಎಲ್ಲರಿಗೂ ಕೇಳಿಸುವಷ್ಟು ಜೋರಾಗಿತ್ತು.

"ಸುಲಭ ಸ್ವಾಮಿ! ಕೊಕ್ಕೆ ಬಿಚ್ಚಿ. ಮೂರು ಬದೀಲಿ ಅಂಟುಪಟ್ಟಿ ಇದೆ, ಚರ್ರಂತ ಎಳೀರಿ. ಅಷ್ಟೇ. ಅದೇ ಅದರ ಬಾಗಿಲಿದ್ದ ಹಾಗೆ. ನಿನ್ನೆ ಹೇಳಿದ್ನಲ್ಲ?"

ತಗಡಪ್ಪ ಫೋನು ಇಟ್ಟು ಹೆಂಡತಿಯ ಮುಖ ನೋಡಿದ. ಹೆಂಡತಿ ಹಕ್ಕಿಗಳನ್ನು ನೋಡಿದಳು.

"ಹೊಲಿದುಬಿಟ್ಯಾ?"

"ಸೋರ್ತಿತ್ತು..."

"ಮೂರೂ ಬದಿ?"

"ಎರಡೆಳೇಲಿ," ಎಂದಳು ಟೇಲರಮ್ಮ, ಸಣ್ಣ ದನಿಯಲ್ಲಿ.

ಒಳಗಿನಿಂದ ಅತ್ತೆ ಕೇಳಿದಳು, "ಕಣ್ಣು ಬಿಡ್ಲೇನೇ?"

"ಇನ್ನೊಂದು ಗಳಿಗೆ ಅತ್ತೆ!"

ಕತ್ತರಿ ತಂಗುವ ಮನೆಯಲ್ಲಿ ಉಳಿದಿತ್ತು. ತಗಡಪ್ಪನ ಜೇಬಿನಲ್ಲಿ ಮಾತ್ರ ತಗಡು ಕತ್ತರಿಸುವ ಕತ್ತರಿ ಇತ್ತು. ಪ್ರವಾಸಕ್ಕೂ ಅದನ್ನು ತಂದಿದ್ದ ಪುಣ್ಯಾತ್ಮ! ಒಬ್ಬರು ಜೀಪಿನ ಈ ಬದಿಯ ಮೆಟ್ಟಿಲ ಮೇಲೆ, ಒಬ್ಬರು ಆ ಬದಿಯ ಮೆಟ್ಟಿಲ ಮೇಲೆ ಹತ್ತಿ ಟಾಪಿನ ಮೇಲೆ ತಲೆ ಬಗ್ಗಿಸಿದರು.

"ಕೊಡಿ ಇಲ್ಲಿ. ಆ ಕೈಯಲ್ಲಿ ಬಟ್ಟೆ ಮುಟ್ಟಬೇಡಿ, ಹರೀತೀರಿ!"

"ಹರಿದ್ರೆ ಹರೀಲಿ, ಅಮ್ಮನಿಗೆ ಆಕಾಶ ಕಾಣುತ್ತಲ್ಲ!"

"ಬೇರೆಯವರ ಬಟ್ಟೆ ರೀ ಅದು! ನೂಲು ಮಾತ್ರ ಕತ್ತರಿಸಿ. ಅಯ್ಯೋ, ಆ ಗಂಟಲ್ಲ, ಅದರ ಹಿಂದಿನದು!"

"ಇದರ ಹಿಂದೆ ಇನ್ನೊಂದು ಗಂಟಿದೆ."

"ಅದರ ಹಿಂದೆ ಇನ್ನೊಂದಿದೆ. ಅದು ಭದ್ರಕ್ಕೆ."

"ಯಾರ ವಿರುದ್ಧ ಭದ್ರ? ನಮ್ಮ ವಿರುದ್ಧಾನಾ?"

ಹೊಲಿಗೆ ಒಂದೊಂದಾಗಿ ಬಿಚ್ಚುವಾಗ ಟೇಲರಮ್ಮನ ಕಣ್ಣಲ್ಲಿ ನೀರು. ಅರ್ಧ ಅತ್ತೆಯ ಸಲುವಾಗಿ, ಅರ್ಧ ಆ ಹೊಲಿಗೆಯ ಸಲುವಾಗಿ. ಜನ್ಮದಲ್ಲೇ ಅಷ್ಟು ಚೆನ್ನಾಗಿ ಹೊಲಿದಿರಲಿಲ್ಲ! ಮುಕ್ಕಾಲು ಗಂಟೆ ಕಳೆಯಿತು. ಕೂಗುತ್ತಿದ್ದ ಹಕ್ಕಿಗಳು ಅರ್ಧಕ್ಕರ್ಧ ಸಮುದ್ರದ ಕಡೆ ಹೊರಟುಹೋದವು. ಮುದುಕಿಗೆ ಕೊಟ್ಟ ಮಾತು ತನ್ನ ಕೈಯ ನೂಲಿಗೇ ಸಿಕ್ಕಿಬಿತ್ತಲ್ಲ, ಇನ್ನು ಅವಳು ಗೋಡೆಯ ಕಡೆ ಹೊರಳಿದರೆ ತಿರುಗುವವಳಲ್ಲ ಎಂದು ಟೇಲರಮ್ಮ ಇನ್ನೂ ಅವಸರದಿಂದ ಗಂಟು ಹುಡುಕಿದಳು.

ಕೊನೆಯ ಗಂಟು ಟಕ್ಕೆಂದಿತು. ಇಬ್ಬರೂ ಟಾಪನ್ನು ಹಿಡಿದು ಹಿಂದಕ್ಕೆ ಎಳೆದರು. ಸರ್ರನೆ ತೆರೆಯಿತು! ಜೀಪಿನ ತುಂಬ ಬಿಸಿಲು ಸುರಿಯಿತು!

"ಈಗ ಕಣ್ಣು ಬಿಡಿ ಅತ್ತೆ!" ಎಂದು ಟೇಲರಮ್ಮ ಒಳಗೆ ಬಗ್ಗಿದಳು.

ದಿಂಬು ಇತ್ತು. ಶಾಲು ಇತ್ತು. ಅತ್ತೆ ಇರಲಿಲ್ಲ.

ಹಿಂದಿನ ಬಾಗಿಲು ಹಾರುಹೊಡೆದಿತ್ತು. ಟೇಲರಮ್ಮ ಶಾಲನ್ನು ಎತ್ತಿ ನೋಡಿದಳು. ತಗಡಪ್ಪ "ಅಮ್ಮಾ!" ಎಂದು ಕೂಗಿ ಮೆಟ್ಟಿಲಿಂದ ಧುಮುಕಿದ.

"ಯಾಕೋ ಬಡ್ಕೋತೀಯಾ? ಹಕ್ಕಿ ಹೆದರ್ತಾವೆ."

ಹತ್ತು ಹೆಜ್ಜೆ ಆಚೆ ಕಲ್ಲಿನ ಕಟ್ಟೆಯ ಮೇಲೆ ಅತ್ತೆ ಕೂತಿದ್ದಳು. ಎರಡೂ ಕೈ ಹಿಂದಕ್ಕೆ ಊರಿಕೊಂಡು, ಮುಖ ಮೇಲೆತ್ತಿ, ಬಾಯಿ ಸ್ವಲ್ಪ ತೆರೆದುಕೊಂಡು ಇಡೀ ಆಕಾಶವನ್ನು ನೋಡುತ್ತಿದ್ದಳು.

"ಅತ್ತೆ! ಹೇಗೆ... ಯಾರು ಕರ್ಕೊಂಡು ಬಂದ್ರು?"

"ಯಾರು ಬರ್ತಾರೆ? ಬಾಗಿಲು ತೆಗೆದೆ. ಕಾಲು ಇಳಿಬಿಟ್ಟೆ. ನೆಲ ಸಿಕ್ತು."

"ನಮ್ಮನ್ನ ಕರೀಬಾರ್ದಾ?"

"ಎರಡು ಸಲ ಕರೆದೆ. ನೀವು ಗಂಟಿನ ಹಿಂದಿನ ಗಂಟಲ್ಲಿದ್ರಿ." ಅತ್ತೆ ಮುಖ ಇಳಿಸಲಿಲ್ಲ. "ಎರಡು ವರ್ಷದಲ್ಲಿ ಇವತ್ತೊಂದೇ ದಿನ ಕಣೇ, ನನ್ನ ಕಾಲನ್ನ ಯಾರೂ ದಿಟ್ಟಿಸಿ ನೋಡದೇ ಇದ್ದದ್ದು. ನಾಚಿಕೆ ಆಗಲಿಲ್ಲ. ಹೆಜ್ಜೆ ಬಂತು."

ತಗಡಪ್ಪ ತಾಯಿಯ ಪಕ್ಕ ಕುಕ್ಕರಿಸಿದ. ಟೇಲರಮ್ಮ ಇನ್ನೊಂದು ಪಕ್ಕ ಕೂತಳು. ಕೈಯಲ್ಲಿ ಬಿಚ್ಚಿದ ನೂಲಿನ ಉಂಡೆ ಹಾಗೇ ಇತ್ತು. ಆಕಾಶ ತೋರಿಸುತ್ತೇನೆಂದು ಸಮುದ್ರ ದಾಟಿಸಿ ತಂದವಳಿಗೆ ಪಕ್ಕದಲ್ಲೇ ಒಂದು ಬಾಗಿಲಿದೆ ಎನ್ನುವುದು ಹೊಳೆದಿರಲಿಲ್ಲ! ನಗು ಬಂತು, ಅಳುವೂ ಬಂತು. ಮೂವರೂ ಕತ್ತು ನೋಯುವವರೆಗೆ ಮೇಲೆ ನೋಡುತ್ತಾ ಕೂತರು.

ಮಧ್ಯಾಹ್ನ ಜೀಪು ಬಾಡಿಗೆಯವನ ಅಂಗಳಕ್ಕೆ ಮರಳಿತು. ಟೇಲರಮ್ಮ ತಲೆ ತಗ್ಗಿಸಿ ಅಂಚಿನಲ್ಲಿ ಸಾಲಾಗಿ ಉಳಿದ ಸೂಜಿಯ ತೂತುಗಳನ್ನು ತೋರಿಸಿ ತಪ್ಪೊಪ್ಪಿಕೊಂಡಳು. ಗಾಡಿಯವನು ನೋಡಿದ, ಹಲ್ಲುಕಡ್ಡಿ ಬಾಯಿಂದ ತೆಗೆದು ನಕ್ಕ.

"ಇರ್ಲಿ ಬಿಡಿ ಅಮ್ಮಾ, ಮೇಲೊಂದು ಪಟ್ಟಿ ಹಾಕಿದ್ರೆ ಮುಚ್ಚಿಹೋಗುತ್ತೆ. ಇನ್ನೂ ಎರಡು ದಿನ ಇದ್ದೀರಲ್ಲ, ನಾಳೆಗೆ ಯಾವುದು ಕೊಡ್ಲಿ? ಬಟ್ಟೆ ಟಾಪೋ, ತಗಡು ಟಾಪೋ?"

ತಗಡಪ್ಪ ಹೆಂಡತಿಯ ಮುಖ ನೋಡಿದ. ಹೆಂಡತಿ ಗಂಡನ ಮುಖ ನೋಡಿದಳು. ಇಬ್ಬರೂ ಬಾಯಿ ತೆರೆಯುವಷ್ಟರಲ್ಲಿ ಹಿಂದಿನ ಸೀಟಿನಿಂದ ದನಿ ಬಂತು.

"ಮೇಲೆ ಏನಾದ್ರೂ ಇರ್ಲಪ್ಪ, ಅದು ಇವರಿಬ್ಬರ ಜಗಳ. ನನಗೆ ಬಾಗಿಲು ಅಗಲ ಇರೋದು ಕೊಡು. ಹತ್ತಿ ಇಳಿಯೋಳು ನಾನು!"