ತಾತನ ಮೌನಕ್ಕೆ ಕತ್ತರಿ

"ಒಂದೇ ಗಂಟೆ ಕೆಲಸ ಅಜ್ಜಿ. ಮಧ್ಯಾಹ್ನದ ಊಟದೊಳಗೆ ತಾತ ನಿನ್ನ ರೇಡಿಯೋದಲ್ಲಿ ಮಾತಾಡ್ತಾನೆ, ನೋಡ್ತಿರು."

ಭಾನುವಾರ ಬೆಳಿಗ್ಗೆ ಮೊಮ್ಮಗ ಹೀಗೆ ಘೋಷಿಸಿದಾಗ, ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಅವನ ಹೆಂಡತಿ ಅಡುಗೆಮನೆಯ ಮಿಕ್ಸಿಯ ಕಡೆ ಒಮ್ಮೆ ನೋಡಿದಳು. ಅದನ್ನೂ ಆತ ಒಂದೇ ಗಂಟೆಯಲ್ಲಿ ರಿಪೇರಿ ಮಾಡಿದ್ದ. ಈಗ ಅದರ ಜಾರಿನಲ್ಲಿ ಬಳ್ಳಿಯೊಂದು ಸೊಂಪಾಗಿ ಬೆಳೆಯುತ್ತಿದೆ.

"ಹುಷಾರು ರೀ," ಎಂದಷ್ಟೇ ಹೇಳಿ ಆಕೆ ಚಪ್ಪಲಿ ಮೆಟ್ಟಿದಳು.

ಮೊಮ್ಮಗ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಹರಿಯದಂತೆ ಎಳೆಯಬಲ್ಲ ಏಕೈಕ ವೀರನೆಂಬ ಕೀರ್ತಿಯೇ ಅವನ ತಾಂತ್ರಿಕ ಪಾಂಡಿತ್ಯದ ಬುನಾದಿ.

ತಾತ ದರ್ಜಿ. ತೀರಿಕೊಂಡು ವರ್ಷವಾಯಿತು. ಎರಡೂ ಕೈಯಲ್ಲಿ ಟೇಪು ಹಿಡಿದಿರುತ್ತಿದ್ದ ಆತ ಗಿರಾಕಿಗಳ ಅಳತೆಯನ್ನು ಬರೆದುಕೊಳ್ಳುತ್ತಿರಲಿಲ್ಲ, ಫೋನಿಗೆ ಹೇಳಿ ರೆಕಾರ್ಡ್ ಮಾಡಿಕೊಂಡು ಮನೆಗೆ ತರುತ್ತಿದ್ದ. ಸಂಜೆ ಅಜ್ಜಿ ಅದನ್ನು ಕೇಳಿಸಿಕೊಂಡು ಪುಸ್ತಕಕ್ಕೆ ಇಳಿಸಬೇಕು. ಫೋನಿನಲ್ಲಿ ಇನ್ನೂ ಉಳಿದಿದ್ದದ್ದು ನಲವತ್ತೊಂದು ಜನರ ಎದೆ, ಸೊಂಟ, ತೋಳು. ಅಜ್ಜಿಯ ಪಾಲಿಗೆ ಗಂಡನ ದನಿಯೆಂದು ಉಳಿದಿದ್ದದ್ದೂ ಅಷ್ಟೇ. ಬ್ಯಾಟರಿ ಊದಿಕೊಂಡ ಆ ಫೋನೋ, ಇವತ್ತೋ ನಾಳೆಯೋ ಎನ್ನುವಂತಿತ್ತು. ಅದಕ್ಕೇ ಮೊಮ್ಮಗ ಶುಕ್ರವಾರ ಹೊಸ ರೇಡಿಯೋ ತಂದಿದ್ದ. ಪೆನ್‌ಡ್ರೈವ್ ಚುಚ್ಚಿದರೆ ಹಾಡುವಂಥದ್ದು. ಆದರೆ ಎಂಪಿ3 ಬಿಟ್ಟು ಬೇರೇನೂ ಅದರ ಗಂಟಲಿಗೆ ಇಳಿಯದು. ಫೋನಿನ ದನಿಯೋ ಓಬೀರಾಯನ ಕಾಲದ ಬೇರೆ ಜಾತಿಯ ಕಡತ.

ಫೋನನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಪರಿವರ್ತನೆಯ ತಂತ್ರಾಂಶ ತೆರೆದ. ಒಂದಿಷ್ಟು ಖಾಲಿ ಚೌಕಗಳು ಕಂಡವು. ಖಾಲಿ ಚೌಕ ಬಿಟ್ಟ ಅರ್ಜಿ ವಾಪಸು ಬರುತ್ತದೆಂಬುದು ಕಚೇರಿ ಅವನಿಗೆ ಕಲಿಸಿದ ಏಕಮಾತ್ರ ಪಾಠ. ಗದ್ದಲ ತೆಗೆಯಲೇ? ಹೌದು. ಮೌನ ತೆಗೆಯಲೇ? ಹೌದು. ಮುಗಿದ ಮೇಲೆ ಮೂಲ ಕಡತಗಳನ್ನು ಅಳಿಸಲೇ? ಧಾರಾಳವಾಗಿ.

ಅಜ್ಜಿ ಕನ್ನಡಕ ಹಾಕಿಕೊಂಡು, ಅಳತೆ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹೊಸ ಸೀರೆಯನ್ನೇ ಉಟ್ಟಿದ್ದಳು.

"ಎದೆ ನಲವತ್ತು ಸೊಂಟ ಮೂವತ್ತಾರು ತೋಳು ಇಪ್ಪತ್ಮೂರು ಭುಜ ಹದಿನೆಂಟು ಕಾಲರ್ ಹದಿನೈದೂವರೆ," ಎಂದಿತು ರೇಡಿಯೋ, ಹೊರಡುವ ಬಸ್ಸಿನ ಕಂಡಕ್ಟರನಂತೆ.

ಹೂಂಗುಟ್ಟಲು ತೆರೆದ ಅಜ್ಜಿಯ ಬಾಯಿ ತೆರೆದೇ ಇತ್ತು.

"ಇದ್ಯಾರೋ?"

"ತಾತ ಅಜ್ಜಿ."

"ಎದೆಯಿಂದ ಸೊಂಟಕ್ಕೆ ಇಳಿಯೋಕೆ ಅವರಿಗೆ ಅರ್ಧ ನಿಮಿಷ ಬೇಕಾಗಿತ್ತು ಕಣೋ."

"ಮಧ್ಯೆ ಬರೀ ಖಾಲಿ ಇತ್ತು, ಅದನ್ನ ತೆಗ್ದಿದೀನಿ ಅಷ್ಟೇ. ಮಾತು ಒಂದಕ್ಷರಾನೂ ಹೋಗಿಲ್ಲ."

"ಖಾಲಿ ಅಂತ ನಿಂಗ್ಯಾರು ಹೇಳಿದ್ದು? ಅದು ನನ್ನ ಜಾಗ. ಅವರು ಎದೆ ಅಂದ್ರೆ ನಾನು ಹೂಂ ಅಂತೀನಿ. ಸೊಂಟ ಅಂದ್ರೆ, ಊಟ ಆಯ್ತಾ ಅಂತೀನಿ. ವರ್ಷದಿಂದ ದಿನಾ ಹೀಗೇ ಮಾತಾಡ್ಕೊಂಡಿದೀವಿ. ಈಗ ನೋಡು, ನಂಗೆ ಬಾಯಿ ತೆಗೆಯೋಕೇ ಬಿಡ್ತಿಲ್ಲ." ಅಜ್ಜಿ ಕೈ ಚಾಚಿದಳು. "ಹೋಗ್ಲಿ, ಆ ಫೋನೇ ಕೊಡು. ಅದ್ರಲ್ಲೇ ಕೇಳ್ತೀನಿ."

ಮೊಮ್ಮಗ ಫೋನು ಚಾಚಿದ, ಅದರಲ್ಲಿ ಒಂದು ಕಡತವೂ ಉಳಿದಿರಲಿಲ್ಲ. ಆಗ ಆ ಕೋಣೆಯಲ್ಲಿ ಹುಟ್ಟಿದ ಮೌನವನ್ನು ತೆಗೆಯಲು ಯಾವ ಚೌಕವೂ ಇರಲಿಲ್ಲ. ಅಜ್ಜಿ ಅವನ ಮುಖ ನೋಡಿದಳು, ಪುಸ್ತಕ ಮಡಚಿದಳು, ಪೆನ್ಸಿಲನ್ನು ಡಬ್ಬಿಗೆ ಹಾಕಿ ಒಳಗೆ ಹೋದಳು. ಬೈದಿದ್ದರೂ ಚೆನ್ನಾಗಿತ್ತು.

ಮೊಮ್ಮಗ ಊಟ ಬಿಟ್ಟು ಕೂತು, ಮಾತಿನ ನಡುವೆ ಅರ್ಧರ್ಧ ನಿಮಿಷದ ಮೌನವನ್ನು ಕೈಯಾರೆ ಹೊಲಿದ. ಸಂಜೆ ಕೇಳಿಸಿದ. ಅಜ್ಜಿ ಕಿವಿಗೊಟ್ಟು ಕೇಳಿ ಅಡ್ಡಡ್ಡ ತಲೆಯಾಡಿಸಿದಳು.

"ಮಿಷನ್ನಿನ ಸದ್ದಿಲ್ಲ, ಅವರ ಉಸಿರಿಲ್ಲ. ಇದು ನಿಜವಾಗ್ಲೂ ಖಾಲಿ ಕಣೋ ಮಗಾ."

ಅಷ್ಟರಲ್ಲಿ ಹೆಂಡತಿ ಬಂದಳು. ಎರಡೂ ಮುಖ ನೋಡಿ, ನಡೆದದ್ದು ಕೇಳಿ, ಬ್ಯಾಗಿನಿಂದ ಪೆನ್‌ಡ್ರೈವ್ ತೆಗೆದಳು.

"ನೀವು ರೇಡಿಯೋ ತಂದಾಗ್ಲೇ ಭಯ ಆಯ್ತು. ನಿನ್ನೆ ಅಜ್ಜಿ ಮಲಗಿದ್ದಾಗ ಫೋನು ತಗೊಂಡೋಗಿ ಮೊಬೈಲ್ ಅಂಗಡೀಲಿ ಮಾಡಿಸ್ಕೊಂಡು ಬಂದೆ. ಹತ್ತೇ ನಿಮಿಷ ಹಿಡೀತು."

"ಮತ್ತೆ ಬೆಳಿಗ್ಗೆ ಹೇಳೋದಲ್ವಾ?"

"ನಿಮ್ಮ ಉತ್ಸಾಹ ನೋಡಿ ಪಾಪ ಅನ್ನಿಸ್ತು."

ರೇಡಿಯೋದಲ್ಲಿ ಮೊದಲು ಹೊಲಿಗೆ ಮಿಷನ್ನು ಗರಗರ ಎಂದಿತು. ಒಂದು ಕೆಮ್ಮು. "ಎದೆ... ನಲವತ್ತು."

"ಹೂಂ," ಎಂದಳು ಅಜ್ಜಿ. ಪೆನ್ಸಿಲು ಮತ್ತೆ ಕೈಗೆ ಬಂದಿತ್ತು.

"ಸೊಂಟ ಮೂವತ್ತಾರು."

"ಕೇಳಿದ್ರಾ, ನಿಮ್ಮ ಮೊಮ್ಮಗ ಇವತ್ತು ಏನು ಮಾಡ್ದ ಅಂತ?" ಎಂದು ಅಜ್ಜಿ ಬೆಳಗಿನಿಂದ ನಡೆದುದೆಲ್ಲವನ್ನೂ ಚುಟುಕಾಗಿ ವರದಿ ಒಪ್ಪಿಸಿದಳು. ರೇಡಿಯೋ ಮಾತಾಡಲಿಲ್ಲ. ಬಹಳ ಹೊತ್ತು ಮಾತಾಡಲಿಲ್ಲ.

"ನೋಡು, ಅವರಿಗೆ ಎಷ್ಟು ಬೇಜಾರಾಗಿದೆ."

ಗುಮಾಸ್ತ ಹೆಂಡತಿಯ ಕಡೆ ನೋಡಿದ. ಆಕೆ ರೇಡಿಯೋ ಕಡೆ ಕಣ್ಣು ಮಾಡಿದಳು. ಆತ ಎದ್ದು ನಿಂತು, ಆ ಪುಟ್ಟ ಪೆಟ್ಟಿಗೆಯ ಮುಂದೆ ತಲೆತಗ್ಗಿಸಿ, "ತಪ್ಪಾಯ್ತು ತಾತ," ಎಂದ.

"ತೋಳು ಇಪ್ಪತ್ಮೂರು," ಎಂದಿತು ರೇಡಿಯೋ.

ಅಜ್ಜಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡು, ತಲೆಯೆತ್ತದೆ ಹೇಳಿದಳು: "ಕ್ಷಮಿಸಿದಾರಂತೆ. ಆಚೆ ಹೋಗು ಈಗ, ನಾವಿಬ್ರೂ ಮಾತಾಡ್ಬೇಕು."